ಚೌಡಿಯನ್ನು ಹೊತ್ತು ತಂದ ಖರ್ಚು

ಆರ್ಥಿಕ ಇತಿಹಾಸ ನನ್ನ ವಿಷಯ ಎಂದರೆ ತೀರ್ಥಹಳ್ಳಿಯಲ್ಲಿ ಜನ ಕೇಳುವುದು ಒಂದೇ ಪ್ರಶ್ನೆ: "ಹಂಗಾರೆ ಮೇಡಂ, ಅಡಿಕೆ ರೇಟು ಮುಂದಿನ ತಿಂಗ್ಳು ಏರ್ತದಾ?" ನನ್ನ ಕೆಲಸ ಮುಂದಿನ ತಿಂಗಳಿನದಲ್ಲ, ಎಂದೋ ಮುಗಿದುಹೋದ ತಿಂಗಳುಗಳದ್ದು ಎಂದು ಮೊದಮೊದಲು ವಿವರಿಸುತ್ತಿದ್ದೆ. ಈಗ, ಏರಬಹುದು ಎಂದುಬಿಡುತ್ತೇನೆ. ಅವರಿಗೂ ಸಮಾಧಾನ, ನನಗೂ ಬಸ್ಸು ತಪ್ಪುವುದಿಲ್ಲ.

ಕಾಲೇಜಿನಲ್ಲಿ ಅರ್ಧ ಆಯಸ್ಸು ಪಾಠ ಹೇಳಿದೆ, ಒಂದು ಪುಸ್ತಕ ಬರೆದೆ. ಮಾರಾಟವಾಗದ ಪ್ರತಿಗಳು ಮಂಚದ ಕೆಳಗೆ ರಟ್ಟಿನ ಪೆಟ್ಟಿಗೆಯಲ್ಲಿವೆ; ನನ್ನ ಸಹೋದ್ಯೋಗಿಗಳಿಗಿಂತ ಗೆದ್ದಲು ಅದನ್ನು ಹೆಚ್ಚು ಶ್ರದ್ಧೆಯಿಂದ ಓದಿದೆ. ನಿವೃತ್ತಿಯ ದಿನ ಹಾರ ಹಾಕಿ 'ಇವರ ಸೇವೆ ಅಪಾರ' ಎಂದರು. ಯಾವ ಸೇವೆ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕನಿಕರ ಬೇಕೆಂದು ಇದನ್ನು ಬರೆಯುತ್ತಿಲ್ಲ. ಆ ಪುಸ್ತಕವನ್ನು ಕೊನೆಗೂ ಒಬ್ಬರು ಗಮನವಿಟ್ಟು ಓದಿದರು, ಅದರಿಂದ ಏನಾಯಿತು ಎಂಬುದನ್ನು ಹೇಳಬೇಕಾಗಿದೆ.

ಸಂಶೋಧನೆಗೆ ಸೇರಿದಾಗ ಗೈಡು ಕೊಟ್ಟ ವಿಷಯ ಅಡಿಕೆ ವ್ಯಾಪಾರ. ಸಾಗರದ ಮಂಡಿಗಳನ್ನು ಸುತ್ತಿದೆ. ಎಲ್ಲರೂ ಕಾಫಿ ಕೊಟ್ಟರು, ಮಾಹಿತಿಯನ್ನು ಮಾತ್ರ ಯಾರೂ ಕೊಡಲಿಲ್ಲ. ಬೇಸತ್ತು ಹೊಸನಗರದ ಬಸ್ಸು ಹತ್ತಿದೆ. ಶರಾವತಿಗೆ ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರುಗಳ ಜನರನ್ನು ಲಾರಿಗಳಲ್ಲಿ ತಂದು ಕಾಡಿನ ಗುಡ್ಡಗಳ ಮೇಲೆ ಇಳಿಸಿ ಹೋಗಿದ್ದರು. ಅಂಥ ಒಂದು ಗುಡ್ಡ ಹೊಸನಗರದ ಆಚೆಗಿತ್ತು. ಅಣೆಕಟ್ಟಿನಿಂದ ಎಷ್ಟು ಕರೆಂಟು ಬಂತು ಎಂದು ಹೇಳುವ ಪುಸ್ತಕಗಳು ಬೇಕಾದಷ್ಟಿದ್ದವು. ಊರು ಬಿಡುವುದಕ್ಕೆ ಒಂದು ಮನೆಗೆ ಏನು ಖರ್ಚು ಬಿತ್ತು ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ನನ್ನ ಜೀವನದ ಕೆಲಸ ಇದೇ ಎಂದು ಆ ಬಸ್ಸಿನಲ್ಲೇ ನಿರ್ಧರಿಸಿಬಿಟ್ಟೆ. ಆ ವಯಸ್ಸಿನಲ್ಲಿ ಜೀವನದ ಕೆಲಸ ಎಂಬ ಮಾತನ್ನು ನಗದೆ ಹೇಳಲು ಬರುತ್ತದೆ.

ಗುಡ್ಡದ ಮೊದಲ ಮನೆಯ ಅಂಗಳದಲ್ಲಿ ಒಬ್ಬ ಹೆಂಗಸು ಕೂತು ಹುಳಿಗೆಂದು ಒಣಗಿಸುವ ಉಪ್ಪಾಗೆ ಹಣ್ಣು ಒಡೆದು ಸಿಪ್ಪೆ ಬಿಡಿಸುತ್ತಿದ್ದಳು. ನನಗಿಂತ ಒಂದು ತಲೆಮಾರಿನಷ್ಟು ದೊಡ್ಡವಳು. ನಾನು ಅಕ್ಕ ಎಂದೆ, ಅವಳು ತಂಗಿ ಎಂದಳು. ಇವತ್ತಿಗೂ ನಮ್ಮಿಬ್ಬರಿಗೆ ಬೇರೆ ಸಂಬಂಧ ಗೊತ್ತಿಲ್ಲ. ಊರು ಬಿಟ್ಟಾಗ ಎಷ್ಟು ಖರ್ಚಾಯಿತು ಎಂದು ಕೇಳಿದಾಗ ಅವಳು ಕತ್ತಿ ಕೆಳಗಿಟ್ಟು ನಕ್ಕಳು.

"ಹೋದದ್ದು ಹೇಳ್ಲಾ, ಖರ್ಚಾದದ್ದು ಹೇಳ್ಲಾ?"

"ಎರಡೂ ಹೇಳು ಅಕ್ಕ."

ಅವಳು ಹೇಳಿದ್ದರಲ್ಲಿ ಗದ್ದೆ, ಕೊಟ್ಟಿಗೆ, ಮಾವಿನ ಮರ ಎಲ್ಲ ಇದ್ದವು. ಅವು ಎಲ್ಲ ಮನೆಗಳಲ್ಲೂ ಕೇಳಿಬರುತ್ತಿದ್ದ ಸಂಗತಿಗಳು. ನಾನು ಬೆನ್ನು ನೆಟ್ಟಗೆ ಮಾಡಿ ಕೂತದ್ದು ಚೌಡಿಯ ಮಾತು ಬಂದಾಗ. ಚೌಡಿ ಎಂದರೆ ಅವರ ಊರನ್ನು ಕಾಯುವ ದೇವತೆ. ಗುಡಿ ಗೋಪುರ ಏನೂ ಇಲ್ಲ, ಮರದ ಬುಡದಲ್ಲಿ ನೆಟ್ಟ ಒಂದು ಹಳೆಯ ಕಲ್ಲು. ಆ ಕಲ್ಲನ್ನು ಬಿಟ್ಟು ಬರಲು ಅವರು ಒಪ್ಪಿರಲಿಲ್ಲ.

"ಕೇಳ್ದೆ ಕರ್ಕಂಡು ಬರ್ಲಿಕ್ಕೆ ಆಗ್ತದಾ? ಹೂವು ಏರ್ಸಿ ಅಪ್ಪಣೆ ಕೇಳಿದ್ರು. ಒಲ್ಲೆ ಅಂತ ಎಡಕ್ಕೇ ಬೀಳ್ತಿತ್ತು. ನೀರು ಗದ್ದೆ ಅಂಚಿಗೆ ಬಂದ ಮೇಲೆ ಬಲಕ್ಕೆ ಬಿತ್ತು. ಲಾರಿಯವ ಹೇಳ್ದ, ಅದನ್ನೂ ಹಿಂದೆ ಹಾಕಿ ಅಂತ. ಪಾತ್ರೆಪಗಡೆ ಜತೆ ಹಾಕಾದಾ ಅವಳನ್ನ? ನಮ್ಮನೆಯೋರು ತಲೆ ಮೇಲೆ ಹೊತ್ರು. ಮೈದುನಂದಿರು ಹೆಗಲು ಕೊಟ್ರು. ಇಲ್ಲಿ ಮುಟ್ಟ ತನಕ ನೆಲಕ್ಕೆ ಇಡ್ಲಿಲ್ಲ."

ಹೊಸ ಜಾಗದಲ್ಲಿ ಅವಳನ್ನು ನೆಟ್ಟು ಪೂಜೆ ಮಾಡುವುದಕ್ಕೆ ಕೋಳಿ, ಕಾಯಿ, ಹೊಸ ಬಟ್ಟೆ ಬೇಕಿತ್ತು. ಅದಕ್ಕಾಗಿ ಸ್ನಾನದ ಹಂಡೆ ಮಾರಿದ್ದರು. ಸರ್ಕಾರ ಲೆಕ್ಕ ಹಾಕಿದ ಪರಿಹಾರದಲ್ಲಿ ಮನೆ ಇತ್ತು, ಮರ ಇತ್ತು, ದೇವರನ್ನು ಸಾಗಿಸುವ ಖರ್ಚು ಇರಲಿಲ್ಲ. ಇದರ ಬಗ್ಗೆ ಒಂದೇ ಪುಟ ಬರೆದೆ. ಅದಕ್ಕಿಂತ ಒಳ್ಳೆಯ ಪುಟವನ್ನು ನಾನು ಮೊದಲೂ ಬರೆದಿರಲಿಲ್ಲ, ಆಮೇಲೂ ಬರೆಯಲಿಲ್ಲ.

ಪುಸ್ತಕ ಬಂದ ಮೇಲೆ ಒಂದು ಪ್ರತಿ ಒಯ್ದು ಕೊಟ್ಟೆ. ಅಕ್ಕನಿಗೆ ಓದು ಬಾರದು, ನಾನೇ ಓದಿ ಹೇಳಿದೆ. ಅವಳು ಗಂಡನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೊಮ್ಮೆ ಓದಿಸಿದಳು. ಆತ ಎದ್ದು ಹೋಗಿ ನನಗೊಂದು ಎಳನೀರು ಕೆತ್ತಿ ತಂದ. ಆತ ತೀರಿಕೊಂಡ ಮೇಲೆ ನಾನು ಹೋದಾಗಲೆಲ್ಲ ಆ ಪುಟ ಓದಬೇಕಿತ್ತು. ಮನೆಗೆ ಯಾರೇ ಬಂದರೂ ಅಕ್ಕ ಹೇಳುವುದು ಒಂದೇ: "ನಮ್ಮನೆಯೋರು ಚೌಡಿ ಹೊತ್ತದ್ದು ಪುಸ್ತಕದಾಗೆ ಅದೆ." ಪ್ರೊಫೆಸರುಗಳ ಪೈಕಿ ಯಾರೂ ನನಗೆ ಅಷ್ಟು ಮರ್ಯಾದೆ ಕೊಟ್ಟದ್ದಿಲ್ಲ.

ಆದರೆ ಆ ಜಾಗ ಎಂದೂ ಅವರ ಹೆಸರಿಗೆ ಆಗಲಿಲ್ಲ. ಇಳಿಸಿ ಹೋದವರು ಕಾಗದ ಕೊಡಲಿಲ್ಲ, ದಾಖಲೆಯಲ್ಲಿ ಅದು ಇನ್ನೂ ಕಾಡು. ಅರಣ್ಯ ಹಕ್ಕು ಕಾಯ್ದೆ ಬಂದಾಗ ಗುಡ್ಡದವರೆಲ್ಲ ಅರ್ಜಿ ಹಾಕಿದರು. ಬುಡಕಟ್ಟಿನವರಲ್ಲದವರು ಮೂರು ತಲೆಮಾರಿನಿಂದ ಆ ಕಾಡಿನಲ್ಲೇ ಇದ್ದೇವೆ ಎಂದು ತೋರಿಸಬೇಕು ಎನ್ನುತ್ತದೆ ಕಾನೂನು. ತಾನೇ ಎತ್ತಿ ತಂದು ಹಾಕಿದವರನ್ನು, ನೀವು ಮೊದಲಿನಿಂದ ಇಲ್ಲೇ ಇದ್ದಿರಾ ಎಂದು ಸರ್ಕಾರ ಕೇಳುತ್ತಿತ್ತು. ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ.

ಎರಡು ವರ್ಷದ ಹಿಂದೆ ಅಕ್ಕನ ಮಗಳು ಫೋನ್ ಮಾಡಿದಳು. ಅಂಗನವಾಡಿಯಲ್ಲಿ ಕೆಲಸ ಮಾಡುವ, ಗಟ್ಟಿ ಹೆಂಗಸು. "ಚಿಕ್ಕಮ್ಮ, ಸಾಗರದಲ್ಲಿ ವಿಚಾರಣೆ ಅದೆ. ನೀವು ನಮ್ಮ ಬಗ್ಗೆ ಬರ್ದೋರು, ಒಂದು ಮಾತು ಹೇಳ್ಬೇಕು." ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಟೆ. ಓದಿದ್ದು ಬರೆದದ್ದು ಒಂದು ಮನೆಯನ್ನಾದರೂ ಉಳಿಸಬಹುದು ಎಂದು, ನಿವೃತ್ತಿಯಾದ ಮೇಲೆ ಮೊದಲ ಸಲ, ಒಂದು ಆಸೆ ಹುಟ್ಟಿತ್ತು.

ಕಚೇರಿಯ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುವಾಗ ಮಗಳು ಅರ್ಜಿಯಲ್ಲಿ ಬರೆಸಿದ್ದನ್ನು ಹೇಳಿದಳು. ಹಳೆಯ ಪೂಜಾಸ್ಥಳ ಇದ್ದರೆ ಅದನ್ನು ಸಾಕ್ಷ್ಯ ಎಂದು ತೋರಿಸಬಹುದು ಎಂದು ಯಾರೋ ತಿಳಿದವರು ಹೇಳಿದ್ದರಂತೆ. ಇವರು ಚೌಡಿಯ ಕಲ್ಲಿನ ಫೋಟೋ ಇಟ್ಟು, ತಲೆತಲಾಂತರದಿಂದ ಅದು ಇದೇ ಜಾಗದಲ್ಲಿದೆ ಎಂದು ಬರೆಸಿದ್ದರು. ಕಲ್ಲು ಹಳೆಯದೇ, ಯಾರು ನೋಡಿದರೂ ಹಳೆಯದು ಎನ್ನುತ್ತಾರೆ. ಅಮ್ಮನಿಗೆ ಇದು ಗೊತ್ತೇ ಎಂದು ಕೇಳಿದೆ. "ಹೆಬ್ಬೆಟ್ಟು ಒತ್ತಿದ್ದಾಳೆ. ಓದಿ ಹೇಳ್ಲಿಲ್ಲ" ಎಂದಳು. ಅಕ್ಕ ಆಚೆ ಬೆಂಚಿನಲ್ಲಿ ಕೂತು ಬನ್ನನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದಳು.

ಒಳಗೆ ಸಮಿತಿಯ ಮುಂದೆ ನಮ್ಮ ಸರದಿ ಬಂತು. ಮಧ್ಯದಲ್ಲಿ ಕೂತಿದ್ದ ಅಧಿಕಾರಿ ಮೃದುವಾಗಿ ಮಾತಾಡುವ, ಒಳ್ಳೆಯ ಮನುಷ್ಯನಂತೆಯೇ ಕಂಡ. ಅವನ ಮೇಜಿನ ಮೇಲೆ ನನ್ನ ಪುಸ್ತಕವಿತ್ತು. ಅಲ್ಲಲ್ಲಿ ಚೀಟಿ ಇಟ್ಟು ಗುರುತು ಮಾಡಿಕೊಂಡಿದ್ದ.

"ಮೇಡಂ, ಪೂರ್ತಿ ಓದಿದೆ. ತುಂಬಾ ಚೆನ್ನಾಗಿದೆ" ಎಂದ.

ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಖುಷಿಯಾಯಿತು. ಜೀವಮಾನದಲ್ಲಿ ಆ ಮಾತನ್ನು ಕೇಳಿದ್ದು ಅದೊಂದೇ ಸಲ. ಅವನು ಪುಟ ತೆರೆದು ನನ್ನ ಕಡೆ ತಿರುಗಿಸಿದ.

"ಈ ಕಲ್ಲು ಮೊದಲಿಂದ ಇಲ್ಲೇ ಇದೆ ಅಂತ ಅರ್ಜಿಯಲ್ಲಿದೆ. ಮುಳುಗಡೆ ಊರಿಂದ ಹೊತ್ತು ತಂದರು ಅಂತ ನೀವು ಬರೆದಿದ್ದೀರಿ. ಯಾವುದು ಸರಿ?"

ಮಗಳು ನನ್ನ ಮುಖ ನೋಡಲಿಲ್ಲ, ನೆಲ ನೋಡುತ್ತಿದ್ದಳು. ಆ ಗುಡ್ಡದ ಮನೆ, ಅದರ ಕೆಳಗಿನ ಒಂದು ತುಂಡು ಗದ್ದೆ ನನ್ನ ಬಾಯಿಂದ ಬರುವ ಮಾತಿನ ಮೇಲೆ ನಿಂತಿದ್ದವು. ವಿದ್ಯಾರ್ಥಿಗಳಿಗೆ ಪಾಠ ಹೇಳುವ ಗತ್ತಿನಲ್ಲೇ ಉತ್ತರ ಕೊಟ್ಟೆ.

"ಅದು ಬಾಯಿಮಾತು ಕೇಳಿ ಬರೆದದ್ದು. ಬೇರೆ ಆಧಾರ ಇಲ್ಲ. ಹಳ್ಳಿಯವರು ದೇವರ ವಿಷಯದಲ್ಲಿ ಕತೆ ಕಟ್ಟಿ ಹೇಳುತ್ತಾರೆ. ಆಗ ನನಗೆ ಅನುಭವ ಸಾಲದು, ಬರೆದುಬಿಟ್ಟೆ. ಆ ಪುಟವನ್ನು ನಂಬಬೇಕಾಗಿಲ್ಲ."

ಹಿಂದಿನಿಂದ ಕುರ್ಚಿ ಸರಿದ ಸದ್ದಾಯಿತು. ಅಕ್ಕ ಎದ್ದು ನಿಂತಿದ್ದಳು.

"ಎಂತ ಹೇಳ್ತಿದ್ದೀ ತಂಗಿ? ನಾ ಕತೆ ಕಟ್ಟಿದ್ನಾ?"

ಮಗಳು ಅವಳ ಸೆರಗು ಹಿಡಿದೆಳೆದಳು. ಅಕ್ಕ ಬಿಡಿಸಿಕೊಂಡು ಅಧಿಕಾರಿಯ ಕಡೆ ತಿರುಗಿದಳು. ದನಿ ಏರಲಿಲ್ಲ, ತಿಳಿಯದವರಿಗೆ ತಿಳಿಸುವ ಹಾಗೆ ಹೇಳಿದಳು.

"ಸ್ವಾಮಿ, ಹೊತ್ತು ತಂದದ್ದು ನಮ್ಮನೆಯೋರು. ಕುತ್ತಿಗೆ ನೋವು ಸಾಯ ತನಕ ಇತ್ತು ಅವರಿಗೆ. ಮೊದ್ಲಿಂದ ಇಲ್ಲೇ ಇದ್ಲು ಅಂದ್ರೆ, ನಮ್ಮ ಚೌಡಿನ ನೀರಿಗೆ ಬಿಟ್ಟು ಬಂದ್ವಿ ಅಂದಂಗಾತು. ನಾವು ಬಿಟ್ಟು ಬಂದೋರಲ್ಲ."

ಅಧಿಕಾರಿ, "ಕೂತ್ಕೊಳ್ಳಿ ಅಜ್ಜಿ" ಎಂದು ಹೇಳಿ ಬರೆಯತೊಡಗಿದ. ಅವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಇದ್ದಿದ್ದರೆ ಬೈದುಕೊಂಡಾದರೂ ಹಗುರಾಗುತ್ತಿದ್ದೆ.

ಬಸ್ ಸ್ಟ್ಯಾಂಡಿಗೆ ಮೂವರೂ ನಡೆದುಕೊಂಡೇ ಹೋದೆವು. ಮಗಳು ಹೊಸನಗರದ ಬಸ್ಸು ವಿಚಾರಿಸಲು ಹೋದಾಗ ನಾನು ಅಕ್ಕನ ಪಕ್ಕ ಕೂತೆ.

"ಜಾಗ ಉಳೀಲಿ ಅಂತ ಹಾಗೆ ಹೇಳಿದೆ ಅಕ್ಕ" ಎಂದೆ.

ಅವಳು ಎಲೆಅಡಿಕೆ ಚೀಲ ಬಿಚ್ಚಿದಳು, ಏನೂ ತೆಗೆಯದೆ ಮತ್ತೆ ಕಟ್ಟಿದಳು.

"ಜಾಗ ಮೊದ್ಲೂ ಹೋಗಿತ್ತು, ಈಗ್ಲೂ ಹೋಗ್ತದೆ. ಅದು ಗೊತ್ತಿತ್ತು ನಂಗೆ. ನೀ ಬರ್ದದ್ದಾರೂ ಉಳೀತದೆ ಅಂತ ಇದ್ದೆ."

ಬಸ್ಸು ಬಂತು. ಹತ್ತುವಾಗ ಕೈ ಕೊಡಲು ಹೋದೆ, ಅವಳು ಕಂಬಿ ಹಿಡಿದು ತಾನೇ ಹತ್ತಿದಳು. ನಾನು ತೀರ್ಥಹಳ್ಳಿ ಬಸ್ಸಿಗೆ ಕಾಯುತ್ತ ಅಲ್ಲೇ ಕೂತೆ. ಪರಿಚಯದ ಒಬ್ಬರು ಬಂದು, ಅಡಿಕೆ ಏನಾಗಬಹುದು ಮೇಡಂ ಎಂದರು. ನನಗೆ ಅಳು ಬಂತು, ಅವರು ಗಾಬರಿಯಾಗಿ ನೀರಿನ ಬಾಟ್ಲಿ ತಂದುಕೊಟ್ಟರು.

ಆಮೇಲೆ ನಾನು ಆ ಗುಡ್ಡಕ್ಕೆ ಹೋಗಿಲ್ಲ. ಹೋಗಿ ಏನು ಓದಿ ಹೇಳಲಿ? ಗದ್ದೆಯ ಅಂಚಿನಲ್ಲಿ ಕಾಡಿನ ಗಡಿ ಕಂದಕ ತೋಡಲು ಅರಣ್ಯ ಇಲಾಖೆಯವರು ಗುರುತು ಹಾಕಿದ್ದಾರೆ ಎಂದು ಮಗಳು ಒಮ್ಮೆ ಮೆಸೇಜು ಕಳಿಸಿದಳು. ಅದರ ಜೊತೆ ಸಮಿತಿಯ ಆದೇಶದ ಫೋಟೋ ಇತ್ತು, ಒಕ್ಕಣೆ ಹೀಗಿತ್ತು: ಅರ್ಜಿದಾರರು ಮುಳುಗಡೆಯ ನಂತರ ಬಂದವರೆಂದು ತಾವೇ ಒಪ್ಪಿರುವುದರಿಂದ ಅರ್ಜಿ ತಿರಸ್ಕೃತ. ಕಲ್ಲನ್ನು ಹೊತ್ತು ತಂದ ವೃತ್ತಾಂತವು ಕಟ್ಟುಕತೆಯೆಂದು ಲೇಖಕಿಯೇ ಹೇಳಿಕೆ ನೀಡಿರುವುದರಿಂದ ಅದನ್ನು ಪರಿಗಣಿಸಿಲ್ಲ.

ಮುಂದೆ ಯಾರಾದರೂ ಈ ಜನರ ಬಗ್ಗೆ ಸಂಶೋಧನೆಗೆ ಬಂದರೆ ಮೊದಲು ಕಚೇರಿಯ ಕಡತ ನೋಡುತ್ತಾರೆ, ಪುಸ್ತಕ ಆಮೇಲೆ. ಹಾಗೆ ಮಾಡಬೇಕೆಂದು ಹುಡುಗರಿಗೆ ವರ್ಷಗಟ್ಟಲೆ ಕಲಿಸಿದವಳು ನಾನು. ಅವರು ನನ್ನ ಹೇಳಿಕೆ ಓದುತ್ತಾರೆ, ನನ್ನ ಪುಟವನ್ನು ಪಕ್ಕಕ್ಕಿಡುತ್ತಾರೆ. ಕ್ರಮ ಸರಿಯಾಗಿಯೇ ಇದೆ. ಅಕ್ಕನ ಗಂಡ ಅಷ್ಟು ದೂರ ನೆಲಕ್ಕಿಡದೆ ಹೊತ್ತು ತಂದದ್ದಕ್ಕೆ ಇನ್ನು ಯಾವ ಆಧಾರವೂ ಇಲ್ಲ.