ಬಸ್ಸು ಬರುವುದು ನಿಂತ ಮೇಲೆ

ಕಡಬದ ಝೆರಾಕ್ಸ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ಮಾತಾಡಲು ಇದ್ದವರು ಒಬ್ಬರೇ. ಬೆಳಗ್ಗಿನ ಬಸ್ಸಿನಲ್ಲಿ ನನಗಾಗಿ ಪಕ್ಕದ ಸೀಟು ಹಿಡಿದಿಡುತ್ತಿದ್ದ ಹೆಂಗಸು. ಅವರು ಬಸ್ಸು ಹೊರಡುವ ಊರಿನಲ್ಲೇ ಹತ್ತಿ, ಕಡಬದಲ್ಲಿ ಬಸ್ಸು ಬದಲಿಸಿ, ಪುತ್ತೂರಿಗೆ ಟೈಲರಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರೂ ನನ್ನನ್ನು ಅಕ್ಕ ಎನ್ನುತ್ತಿದ್ದರು. ಹೆಸರು ಕೇಳುವ ಅಗತ್ಯವೇ ಬೀಳಲಿಲ್ಲ. ದಾರಿಯ ನಡುವಿನ ಊರೊಂದರ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದ ನನ್ನ ಇಡೀ ದಿನದ ಮಾತು ಆ ಬಸ್ಸಿನಲ್ಲೇ ಮುಗಿಯುತ್ತಿತ್ತು.

ಆಮೇಲೆ ಬಸ್ಸಿನ ದಾರಿಯ ಒಳಗಿನ ಗುಡ್ಡದಲ್ಲಿ ಕೆಂಪುಕಲ್ಲು ಕಡಿಯುವ ಕೋರೆ ಶುರುವಾಯಿತು. ಕಲ್ಲನ್ನು ಬಾಡಿಯ ಅಂಚಿಗಿಂತ ಮೇಲಕ್ಕೆ ಪೇರಿಸಿಕೊಂಡ ಲಾರಿಗಳು ನರಳುತ್ತಾ ಏರು ಹತ್ತುತ್ತಿದ್ದವು. ಬೇಸಗೆಯಲ್ಲಿ ಟಾರು ಚಕ್ರದಡಿ ಸಿಕ್ಕಿ ಬದಿಗೆ ಉಬ್ಬಿತು, ಬಿರುಕು ಬಿಟ್ಟಿತು. ಮಳೆ ನೀರು ಆ ಬಿರುಕಿಗೆ ಇಳಿದ ಮೇಲೆ ಜಲ್ಲಿಯೇ ಎದ್ದು ಬಂತು.

ಒಂದು ದಿನ ಅಕ್ಕ ಕಿಟಕಿಯಿಂದ ಬಗ್ಗಿ ನೋಡಿ, "ನೋಡಿ ಅಕ್ಕ, ಲೋಡು ಹೋಗುವ ಬದಿಯಲ್ಲೇ ಹೊಂಡ. ಖಾಲಿ ಲಾರಿ ವಾಪಸ್ ಬರುವ ಬದಿ ಚೆನ್ನಾಗೇ ಉಂಟು" ಎಂದರು. ನಿಜವೇ. ನಮ್ಮ ಬಸ್ಸೂ ಅಲ್ಲಿ ಬಲಬದಿ ಹಿಡಿದೇ ಹತ್ತುತ್ತಿತ್ತು. ಎದುರಿನಿಂದ ಬಂದವರು ಬೈದಾಗಲೆಲ್ಲ ನಾವಿಬ್ಬರೂ ನಗುತ್ತಿದ್ದೆವು.

ಕೊನೆಗೆ ರಸ್ತೆಗೆ ಅಡ್ಡ ಹರಿಯುವ ತೋಡಿನ ಮೇಲಿನ ಮೋರಿ ಒಂದು ಮಗ್ಗುಲಿಗೆ ಕುಸಿಯಿತು. ಆ ಸಂಜೆ ವಾಪಸ್ ಬರುವ ಬಸ್ಸಿನಲ್ಲೂ ಅಕ್ಕ ಜೊತೆಗಿದ್ದರು. ಡ್ರೈವರ್, "ನಾಳೆಯಿಂದ ಬಸ್ಸು ಮೇನ್ ರೋಡಲ್ಲೇ ಹೋಗುದು. ಇದರ ಮೇಲೆ ಜನರನ್ನು ಕೂರಿಸಿಕೊಂಡು ಬರ್ಲಿಕ್ಕೆ ನನ್ನಿಂದಾಗುದಿಲ್ಲ ಮಾರಾಯ್ರೆ" ಎಂದರು.

"ಬೇಗ ಸರಿ ಮಾಡಿಯಾರು," ಎಂದರು ಅಕ್ಕ. ನಾನೂ ಹಾಗೇ ಅಂದುಕೊಂಡು ಇಳಿದುಬಿಟ್ಟೆ. ಫೋನ್ ನಂಬರು ಕೇಳಲು ಇಬ್ಬರಿಗೂ ತೋಚಲಿಲ್ಲ.

ನಾನು ಮೇನ್ ರೋಡಿನವರೆಗೆ ನಡೆದುಕೊಂಡು ಹೋಗತೊಡಗಿದೆ. ಅವರ ಊರಿನಿಂದ ಅಲ್ಲಿಗೆ ನಡೆಯುವ ಮಾತೇ ಇಲ್ಲ, ಅಷ್ಟು ದೂರ. ಆದರೂ ಬಸ್ಸು ಹತ್ತಿದ ಕೂಡಲೇ ಕಣ್ಣು ಅವರನ್ನೇ ಹುಡುಕುತ್ತಿತ್ತು.

ತಡೆಯಲಾರದೆ ಒಂದು ಭಾನುವಾರ ಅವರ ಊರಿಗೇ ಹೋದೆ. ಅಲ್ಲಿನ ಅಂಗಡಿಯವರು ಕೇಳಿದರು, "ಯಾರ ಮನೆಗೆ? ಹೆಸರೆಂತ?"

ದಪ್ಪ ಕನ್ನಡಕ, ಟೈಲರಿಂಗ್, ಪುತ್ತೂರು ಎಂದೆಲ್ಲ ಹೇಳಿದೆ.

"ಓ, ಅವರಾ? ಬಸ್ಸಿಲ್ಲದೆ ಕೆಲಸಕ್ಕೆ ಹೋಗ್ಲಿಕ್ಕೆ ಆಗ್ಲಿಲ್ಲ. ಪುತ್ತೂರಿನ ಹತ್ತಿರ ಬೆಟ್ಟಂಪಾಡಿ ಕಡೆ ತಂಗಿ ಮನೆ ಉಂಟಂತೆ, ಅಲ್ಲಿಗೆ ಹೋದ್ರು. ನೀವು ಅವರಿಗೆ ಎಂತ ಆಗ್ಬೇಕು?"

"ಬಸ್ಸಲ್ಲಿ ಒಟ್ಟಿಗೆ ಹೋಗ್ತಿದ್ದೆವು," ಎಂದೆ. ಇನ್ನೂ ಏನಾದರೂ ಹೇಳುತ್ತೇನೆಂದು ಅವರು ಕಾದರು. ನಾನು ಅಕ್ಕನ ಫೋನ್ ನಂಬರು ಕೇಳಿದೆ. ಅಂಗಡಿಯವರ ಬಳಿಯೂ ಅದು ಇರಲಿಲ್ಲ.

ಮರಳಿ ಬರುವಾಗ, ಕುಸಿದ ಮೋರಿಯ ಉಳಿದ ಮಗ್ಗುಲಿನಲ್ಲೇ ಓಡಾಡುತ್ತಿದ್ದ ತುಂಬಿದ ಲಾರಿಯೊಂದಕ್ಕೆ ದಾರಿ ಬಿಟ್ಟು ಚರಂಡಿಗೆ ಇಳಿದು ನಿಂತೆ. ಕಾಲಡಿಯ ನೆಲ ನಡುಗಿತು. ಲಾರಿ ದೂರ ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ.

ಕಳೆದ ವರ್ಷ ಮೋರಿ ಹೊಸದಾಯಿತು, ಟಾರೂ ಬಿತ್ತು. ಬಸ್ಸು ಮತ್ತೆ ಬರುತ್ತಿದೆ. ಆದರೆ ಅಷ್ಟರಲ್ಲಿ ಹೆಚ್ಚಿನವರು ಸ್ಕೂಟರ್ ತೆಗೆದುಕೊಂಡಾಗಿತ್ತು. ಖಾಲಿ ಸೀಟುಗಳ ನಡುವೆ ಎಲ್ಲಿ ಬೇಕಾದರೂ ಕೂರಬಹುದು. ಕಂಡಕ್ಟರ್ ಟಿಕೆಟ್ ಕೊಟ್ಟು ಮುಂದೆ ಹೋಗಿ ಡ್ರೈವರನ ಹತ್ತಿರ ನಿಲ್ಲುತ್ತಾನೆ. ಕಡಬ ಬರುವವರೆಗೆ ನಾನು ಬಾಯಿ ತೆರೆಯುವುದೇ ಇಲ್ಲ.