ಅಪ್ಪ ಕೂರದ ಕುರ್ಚಿ

ಬೀದಿಗೆಲ್ಲ ಗಡ್ಡ ಹೆರೆಯುವ ಅವನ ಅಂಗಡಿಗೆ ಹೆತ್ತ ಅಪ್ಪ ಮಾತ್ರ ಕಾಲಿಟ್ಟವನಲ್ಲ. ಮುದುಕ ಕೋಲೂರಿಕೊಂಡು ಮಗನ ಅಂಗಡಿಯ ಮುಂದೆಯೇ ಹಾದು, ರಸ್ತೆ ದಾಟಿ, ಎದುರು ಅಂಗಡಿಯವನಿಗೆ ಕೆನ್ನೆ ಒಡ್ಡುತ್ತಿದ್ದ. ಒಂದೇ ಮನೆ, ಒಂದೇ ಪಾತ್ರೆಯ ಅನ್ನ. ಕೆನ್ನೆ ಮಾತ್ರ ಪರರ ಪಾಲು.

"ಏನೋ ಹೀರೋ, ನಿಮ್ಮಪ್ಪನಿಗೇ ನಿನ್ನ ಕತ್ತಿ ಮೇಲೆ ನಂಬಿಕೆ ಇಲ್ವಾ?" ಎಂದು ಗಿರಾಕಿಗಳು ಕೆಣಕುತ್ತಿದ್ದರು.

"ಬಾಯಿ ಮುಚ್ಕೊಂಡು ಕೂತ್ಕೋ. ಕತ್ತಿ ಈಗ ನಿನ್ನ ಗಂಟಲ ಮೇಲಿದೆ."

ಹೀರೋ ಎಂಬ ಅಡ್ಡಹೆಸರು ಬಿಟ್ಟಿ ಬಂದದ್ದಲ್ಲ. ಮೀಸೆ ಚಿಗುರುವ ವಯಸ್ಸಿನಲ್ಲಿ ಅವನೊಂದು ಹಿಂದಿ ಸಿನಿಮಾದಲ್ಲಿ ನಟಿಸಿದ್ದ. ಅದನ್ನು ಸಿನಿಮಾ ಅನ್ನಬೇಕೋ, ಜ್ವರದ ಕನವರಿಕೆ ಅನ್ನಬೇಕೋ! ಧ್ವನಿ ಒಡೆಯುತ್ತಿರುವ ಹುಡುಗ ಬಾಯಿ ತೆರೆದರೆ ನಾಯಿ ಬೊಗಳುತ್ತದೆ. ಶಾಲೆಯ ಬೆಂಚುಗಳು ಹೊಳೆಯಲ್ಲಿ ತೇಲಿಹೋಗುತ್ತವೆ. ಅಪ್ಪನಾದವನು ತಲೆಗೆ ಹಕ್ಕಿಯ ಪಂಜರ ತೊಟ್ಟು ಊಟಕ್ಕೆ ಕೂರುತ್ತಾನೆ. ಆ ಅಪ್ಪನ ಪಾತ್ರದ ನಟ ಕೈಕೊಟ್ಟಾಗ, ಅಲ್ಲೇ ಗೋಡೆಗೆ ಬಣ್ಣ ಬಳಿಯುತ್ತಿದ್ದ ಇವನ ನಿಜವಾದ ಅಪ್ಪನನ್ನೇ ಎಳೆದು ಕೂರಿಸಿದರು. ಮಗ ಪಂಜರ ಕಿತ್ತೆಸೆದು ಅಪ್ಪನ ಕೆನ್ನೆಗೆ ಹೊಡೆಯಬೇಕು. ಸುಮ್ಮನೆ ಕೈ ಸೋಕಿಸಿದರೆ ಸಾಕು ಎಂದು ಎಲ್ಲರೆದುರು ಹೇಳಿದ ನಿರ್ದೇಶಕ, ಅವನ ನಾಲಿಗೆಗಿಷ್ಟು ಬೆಂಕಿ ಹಾಕ, ಹುಡುಗನ ಕಿವಿಯಲ್ಲಿ ಬೇರೆಯೇ ಊದಿದ: "ನಿಜವಾಗಿ ಬಾರಿಸು."

ಬಾರಿಸಿದ. ಅಪ್ಪ ಕೂತಿದ್ದ ಕುರ್ಚಿಯ ಸಮೇತ ಉರುಳಿದ.

ಸಿನಿಮಾ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಮುಂದೆ ಮಗ ಕ್ಷೌರ ಕಲಿತು ಅಂಗಡಿ ಹಾಕಿದಾಗ, ಮೊದಲ ಗಿರಾಕಿಯಾಗಬೇಕಿದ್ದ ಅಪ್ಪ ರಸ್ತೆ ದಾಟಿದ. ತಾನು ಸಿಟ್ಟು ತೀರಿಸಿಕೊಂಡೆನೆಂದು ಅಪ್ಪ ತಪ್ಪು ತಿಳಿದಿದ್ದಾನೆ, ನಿಜ ಗೊತ್ತಾದರೆ ಕರಗುತ್ತಾನೆ ಎಂಬುದೊಂದೇ ಮಗನ ಆಸೆ. ಹೇಳಲು ಬಾಯಿ ತೆರೆದಾಗಲೆಲ್ಲ ಮುದುಕ, "ಆ ಸುದ್ದಿ ಈ ಮನೇಲಿ ಬೇಡ" ಎಂದು ಎದ್ದುಹೋಗುತ್ತಿದ್ದ.

ಕಾಲ ಕೆಟ್ಟಿತೋ ಜನ ಕೆಟ್ಟರೋ, ಈಗಿನ ಹುಡುಗರಿಗೆ ಅದೇ ಸಿನಿಮಾದ ಹುಚ್ಚು. ಒಂದು ದಿನ ಕಾಲೇಜಿನ ಹುಡುಗಿಯೊಬ್ಬಳು ಅಂಗಡಿ ಹುಡುಕಿಕೊಂಡು ಬಂದಳು. "ಅಂಕಲ್, ಭಾನುವಾರ ಶೋ ಇಟ್ಟಿದ್ದೀವಿ. ನೀವು ಬರಲೇಬೇಕು. ತಾತನನ್ನೂ ಕರ್ಕೊಂಡು ಬನ್ನಿ."

ಅಪ್ಪ ಉಗಿಯುತ್ತಾನೆ ಅಂದುಕೊಂಡಿದ್ದ. ಉಗಿಯಲಿಲ್ಲ. "ಸಾಯೋಕೆ ಮುಂಚೆ ನನ್ನ ಮುಖ ಹೆಂಗಿತ್ತು ಅಂತ ನೋಡ್ಕೊಂಡು ಬರೋಣ ನಡಿ" ಅಂದ.

ತುಂಬಿದ ಹಾಲ್. ನಾಯಿ ಬೊಗಳಿದ್ದಕ್ಕೆ ನಕ್ಕರು, ಬೆಂಚು ತೇಲಿದ್ದಕ್ಕೆ ಕೂಗಿದರು. ಕೆನ್ನೆಗೆ ಏಟು ಬಿದ್ದದ್ದೇ ತಡ, ಸೂರು ಹಾರುವಂತೆ ಶಿಳ್ಳೆ! ಪರದೆಯ ಮೇಲೆ ಬಿದ್ದವನು ಇಲ್ಲೇ, ತಮ್ಮ ನಡುವೆ ಕೋಲು ಹಿಡಿದು ಕೂತಿದ್ದಾನೆಂಬ ಪರಿವೆ ಕರೆದ ಹುಡುಗಿಗೆ ಬಿಟ್ಟರೆ ಇನ್ನೊಬ್ಬರಿಗೂ ಇಲ್ಲ. ಇನ್ನು ತಡೆಯಲಾಗದೆ ಮಗ ಅಪ್ಪನ ಕಡೆ ಬಾಗಿದ.

"ಅಪ್ಪಾ, ಅದು ನಾನಾಗಿ ಹೊಡೆದಿದ್ದಲ್ಲ. ಆ ಡೈರೆಕ್ಟರ್ ಕಿವಿಯಲ್ಲಿ ಹೇಳಿಕೊಟ್ಟ."

"ಗೊತ್ತು."

"ಗೊತ್ತಾ? ಯಾವಾಗಿಂದ?"

"ಅವತ್ತಿಂದ. ಅವನು ನಿನ್ನ ಕಿವಿಗೆ ಬಾಯಿಟ್ಟದ್ದು ಪಂಜರದ ಕಂಬಿ ಸಂದೀಲಿ ಕಾಣ್ತಿತ್ತಲ್ಲ."

"ಹಂಗಾದ್ರೆ ಇಷ್ಟು ವರ್ಷ ಯಾಕಪ್ಪಾ…"

ಮುದುಕ ಪರದೆಯಿಂದ ಕಣ್ಣು ಕೀಳಲಿಲ್ಲ. "ಸಿಟ್ಟಲ್ಲಿ ಹೊಡೆದಿದ್ರೆ ಮಗ ತಾನೇ ಅಂತ ನುಂಗ್ಕೊಳ್ತಿದ್ದೆ. ನಾನೇನು ನಿನಗೆ ಕಮ್ಮಿ ಬಾರಿಸಿದ್ದೀನಾ? ಯಾವನೋ ಹೇಳ್ದ ಅಂತ ಹೊಡೆದ್ಯಲ್ಲೋ! ನಾಳೆ ನಿನ್ನ ಕೈಲಿ ಕತ್ತಿ ಇರೋವಾಗ ಇನ್ನೊಬ್ಬ ಇನ್ನೇನೋ ಹೇಳ್ತಾನೆ."

ಮಗ ಇಷ್ಟು ಕಾಲ ಜೋಪಾನ ಮಾಡಿಟ್ಟ ಒಂದೇ ಒಂದು ಮಾತೂ ಖರ್ಚಾಗಿತ್ತು, ಕೊಂಡದ್ದು ಏನೂ ಇಲ್ಲ.

ದೀಪ ಹತ್ತಿತು. ಹುಡುಗಿ ಮೈಕಿನಲ್ಲಿ ಕೂಗಿದಳು: "ಅಂಕಲ್, ತಾತಾ, ಇಬ್ಬರೂ ವೇದಿಕೆಗೆ ಬನ್ನಿ! ಆ ಏಟನ್ನ ಇನ್ನೊಂದ್ಸಲ ಮಾಡಿ ತೋರಿಸಿ, ಪ್ಲೀಸ್!" ಚಪ್ಪಾಳೆಯೋ ಚಪ್ಪಾಳೆ.

ಆಗಲ್ಲ ಅನ್ನಬೇಕೆಂದೇ ಅವನು ಬಾಯಿ ತೆರೆದ. ಅಷ್ಟರಲ್ಲಿ ಅವಳು ಹೇಳಿದಂತೆ ತಾನು ಎದ್ದು ನಿಂತಾಗಿತ್ತು.

ಅಪ್ಪ ತಲೆಯೆತ್ತಿ ಅವನನ್ನು ನೋಡಿದ. ಆಮೇಲೆ ಕೋಲೂರಿ ಎದ್ದು, ಸಾಲಿನವರ ಮೊಣಕಾಲು ದಾಟಿಕೊಂಡು ಬಾಗಿಲ ಕಡೆ ನಡೆದ.