ಅವನದು ಹತ್ತೊಂಬತ್ತು, ನನ್ನದು ಇಪ್ಪತ್ತು

2008ರ ಜೂನ್‌ವರೆಗೆ ಭಾನುವಾರದ ಸಿನಿಮಾ ನನ್ನ ಕೋಣೆಯಲ್ಲಿ ನಡೆಯುತ್ತಿತ್ತು. ದಿಲ್ಲಿಯ ಮುನಿರ್ಕಾದ ಒಂದು ಮೂರನೇ ಮಹಡಿಯಲ್ಲಿ ನಾವಿಬ್ಬರು ಕನ್ನಡಿಗರು ಅಕ್ಕಪಕ್ಕದ ಕೋಣೆಗಳಲ್ಲಿದ್ದೆವು. ಕೆಲಸವೂ ಒಂದೇ ಆಫೀಸಿನಲ್ಲಿ. ಮಧ್ಯಾಹ್ನ ಊಟವಾದ ಮೇಲೆ ಆಫೀಸಿನ ಗೆಳೆಯರು ಬರುತ್ತಿದ್ದರು. ಬಂದವರ ಸಂಖ್ಯೆಯನ್ನು ನಾನು ಡೈರಿಯಲ್ಲಿ ಬರೆದಿಡುತ್ತಿದ್ದೆ. ಜೂನ್‌ನ ಐದು ಭಾನುವಾರ ಸೇರಿ ಇಪ್ಪತ್ತೇಳು. ನನ್ನದು ಹದಿನೇಳು ಇಂಚಿನ ಹಳೆಯ ಡಬ್ಬಾ ಮಾನಿಟರ್. ಸಿನಿಮಾ ಹಾಕಿದರೆ ಮೇಲೊಂದು, ಕೆಳಗೊಂದು ಕಪ್ಪು ಪಟ್ಟಿ, ನಡುವೆ ಚಿತ್ರ. ಯಾರೂ ಅದನ್ನು ದೂರಿರಲಿಲ್ಲ.

ಜುಲೈ ಆರರಂದು ಪಕ್ಕದ ಕೋಣೆಯವನು ಹತ್ತೊಂಬತ್ತು ಇಂಚಿನ ವೈಡ್‌ಸ್ಕ್ರೀನ್ ತಂದ. ಪರದೆಯ ತುಂಬ ಚಿತ್ರ. ಎಲ್ಲರೂ ಅವನ ಹಾಸಿಗೆಯ ಮೇಲೆ ಕೂತಿದ್ದರು. ನಾನು ಬಾಗಿಲ ಬಳಿ ನಿಂತಿದ್ದೆ.

"ಒಳಗೆ ಬಾರೋ, ಯಾಕೆ ಅಲ್ಲಿ ನಿಂತೆ?" ಎಂದು ಅವನು ಸರಿದು ಜಾಗ ಮಾಡಿಕೊಟ್ಟ. ಅದು ಇನ್ನೂ ಚುಚ್ಚಿತು.

ಮುಂದಿನ ಭಾನುವಾರದ ಲೆಕ್ಕ: ಅವನಲ್ಲಿ ಏಳು, ನನ್ನಲ್ಲಿ ಸೊನ್ನೆ. ಅದರ ಮುಂದಿನ ವಾರವೂ ಸೊನ್ನೆ.

ಆಗ ಡೈರಿಯಲ್ಲಿ ಹೊಸ ಮಾನಿಟರಿಗೆಂದು ಒಂದು ಪುಟ ತೆರೆದೆ. ಸಿನಿಮಾಕ್ಕೆ ಅಗಲ, ಆಟಕ್ಕೆ ವೇಗ, ಬೆಲೆ ಕಡಿಮೆ ಎಂದೆಲ್ಲ ಬರೆದೆ. ಬರೆಯದೇ ಬಿಟ್ಟದ್ದು ಒಂದೇ: ಅವನದಕ್ಕಿಂತ ದೊಡ್ಡದಿರಬೇಕು. ಇಪ್ಪತ್ತೆರಡು ಇಂಚು ನನ್ನ ಕೈಗೆ ಎಟುಕುವಂತಿರಲಿಲ್ಲ. ಎರಡು ಶನಿವಾರ ಕಂಪ್ಯೂಟರ್ ಪೇಟೆಯಾದ ನೆಹರೂ ಪ್ಲೇಸ್‌ನಲ್ಲಿ ಹನ್ನೊಂದು ಅಂಗಡಿ ಸುತ್ತಿದೆ. ಹನ್ನೆರಡನೆಯದರಲ್ಲಿ, ಹೆಸರೇ ಕೇಳಿರದ ಕಂಪನಿಯ ಅಗ್ಗದ ವೈಡ್‌ಸ್ಕ್ರೀನ್ ಒಂದಿತ್ತು. ಪಕ್ಕದ ಕೋಣೆಯವನ ಮಾನಿಟರಿನ ಹೆಸರು ಬರೆದ ಚೀಟಿಯನ್ನು ಅಂಗಡಿಯವನಿಗೆ ತೋರಿಸಿ, "ಭಯ್ಯಾ, ಇಸ್ ಮೇ ಔರ್ ಉಸ್ ಮೇ ಕ್ಯಾ ಫರಕ್ ಹೈ?" ಎಂದು ಎರಡಕ್ಕೂ ಇರುವ ವ್ಯತ್ಯಾಸ ಕೇಳಿದೆ.

ಅವನು ಚೀಟಿಯನ್ನು ಸರಿಯಾಗಿ ನೋಡಲೂ ಇಲ್ಲ. "ಬಸ್, ಉನ್ನೀಸ್-ಬೀಸ್ ಕಾ ಫರಕ್ ಹೈ, ಭಾಯ್ ಸಾಹಬ್."

ಹಿಂದಿಯಲ್ಲಿ ನನಗೆ ಚೆನ್ನಾಗಿ ಬರುತ್ತಿದ್ದದ್ದು ಎಣಿಕೆಯೇ. ಉನ್ನೀಸ್ ಎಂದರೆ ಹತ್ತೊಂಬತ್ತು, ಬೀಸ್ ಎಂದರೆ ಇಪ್ಪತ್ತು. ಅವನದು ಹತ್ತೊಂಬತ್ತು, ಇದು ಇಪ್ಪತ್ತು. ಪೆಟ್ಟಿಗೆಯ ಮೇಲೆ ಉದ್ದನೆಯ ಮಾದರಿ ಸಂಖ್ಯೆ ಮಾತ್ರ ಇತ್ತು; ಅದರಲ್ಲೂ ಒಂದು 20 ಕಂಡಿತು. ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಆಟೋದಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ.

ಭಾನುವಾರ ಎಲ್ಲರನ್ನೂ ನಾನೇ ಕರೆದೆ. "ಅವನದು ಹತ್ತೊಂಬತ್ತು, ನಂದು ಇಪ್ಪತ್ತು."

ಪಕ್ಕದ ಕೋಣೆಯವನು ತಲೆ ಓರೆ ಮಾಡಿ ನೋಡಿದ. "ನನ್ನದರಷ್ಟೇ ಕಾಣತ್ತಲ್ಲೋ."

"ಕಣ್ಣಿಗೆ ಹಾಗೆ ಕಾಣತ್ತೆ," ಎಂದು ನಾನೇ ಹೋಗಿ ಟೇಪು ತಂದೆ. ಮೂಲೆಯಿಂದ ಮೂಲೆಗೆ ಹಿಡಿದೆ. ಹತ್ತೊಂಬತ್ತು. ಇನ್ನೊಂದು ಓರೆಯಲ್ಲಿ ಹಿಡಿದೆ. ಹತ್ತೊಂಬತ್ತು.

ಮಯೂರ್ ವಿಹಾರ್‌ನಿಂದ ಬರುತ್ತಿದ್ದ ನಮ್ಮ ಸಹೋದ್ಯೋಗಿ ದಿಲ್ಲಿಯಲ್ಲೇ ಹುಟ್ಟಿ ಬೆಳೆದ ಕನ್ನಡತಿ. "ಅಂಗಡಿಯವನು ಏನಂದ, ಎಗ್ಸಾಕ್ಟ್ಲಿ?" ಎಂದು ಕೇಳಿದಳು. ಅವನ ಮಾತನ್ನು ಹಾಗೇ ಒಪ್ಪಿಸಿದೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು.

"ಅರೇ ಯಾರ್, ಅದು ಇಂಚಲ್ಲ. ಉನ್ನೀಸ್-ಬೀಸ್ ಅಂದ್ರೆ ಥೋಡಾಸಾ ವ್ಯತ್ಯಾಸ, ನಾಮಕಾವಾಸ್ತೆ. ಎರಡೂ ಆಲ್‌ಮೋಸ್ಟ್ ಸೇಮ್ ಅಂತ ಹೇಳಿದಾನೆ ನಿಂಗೆ."

"ಪಾಪ, ನಿಜಾನೇ ಹೇಳಿದಾನೆ," ಎಂದ ಪಕ್ಕದ ಕೋಣೆಯವನು. "ಇಪ್ಪತ್ತಿಂಚಿನವರೇ, ಚಹಾ ಮಾಡ್ಲಾ?"

ಎಲ್ಲರೂ ನಕ್ಕರು. ನಾನು ಟೇಪು ಸುತ್ತುತ್ತ ಕೂತೆ. ಚಹಾ ಮುಗಿದ ಮೇಲೆ ಅವನು, "ಅಳತೆ ಒಂದೇ ಆಗಿದ್ದು ಒಳ್ಳೇದಾಯ್ತು. ಎರಡೂ ಕಂಪ್ಯೂಟರಿಗೆ ಕೇಬಲ್ ಹಾಕಿದ್ರೆ ಇಬ್ಬರು ಅಕ್ಕಪಕ್ಕ ಕೂತು ಕಾರ್ ರೇಸ್ ಆಡಬಹುದು. ನಿಂದೂ ನನ್ನ ರೂಮಿಗೆ ತಾ, ನನ್ನ ಟೇಬಲ್ ಉದ್ದ ಇದೆ," ಎಂದ. ಎಲ್ಲರೂ ಚಲೋ ಚಲೋ ಎಂದು ಎದ್ದರು. ಬೇಡ ಎನ್ನಲು ಒಂದು ಕಾರಣವೂ ಹೊಳೆಯಲಿಲ್ಲ. ಸಿಪಿಯು ಪೆಟ್ಟಿಗೆಯನ್ನು ಗೆಳೆಯರು ಹೊತ್ತರು; ನನ್ನ ಹೊಸ ಮಾನಿಟರನ್ನು ನಾನೇ ಎತ್ತಿಕೊಂಡು ಅವನ ಕೋಣೆಗೆ ಹೋದೆ.

"ಯಾವುದರ ಮುಂದೆ ಕೂರ್ತೀಯ?" ಎಂದು ಕೇಳಿದ. ನಾನು ಅವನದರ ಮುಂದೆ ಕೂತೆ. ಎರಡು ರೇಸ್ ಸೋತೆ, ಏಕೆಂದರೆ ರಸ್ತೆ ನೋಡುವ ಬದಲು ಪರದೆಯ ಮೂಲೆಗಳಲ್ಲಿ ಬೆಳಗದ ಸತ್ತ ಚುಕ್ಕೆ ಇದೆಯೇ ಎಂದು ಹುಡುಕುತ್ತಿದ್ದೆ. ಒಂದೂ ಇರಲಿಲ್ಲ. ಕೆಂಪು ಕಾರು ಅವನ ಪರದೆಯಲ್ಲಿ ಕೆಂಪಾಗಿಯೇ ಇತ್ತು. ಪಕ್ಕದ ನನ್ನದರಲ್ಲಿ ತುಸು ಕಿತ್ತಳೆ.